ಏಳಕ್ಕೆ ಏಳೂ ಒಂದೇ ಪಕ್ಷಕ್ಕೆ: ಮತದಾನದ ಪದ್ಧತಿ ಬದಲಾಗಬೇಕೇ?

ಪ್ರಶ್ನೆ: 2018ರ ವಿಧಾನಸಭಾ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳೂ ಸ್ಥಾನಗಳು ಜೆಡಿಎಸ್ ಪಾಲಾದವು. ಬೇರೆ ಪಕ್ಷಕ್ಕೆ ಮತ ಹಾಕಿದ ನನ್ನಂಥವರ ಪರವಾಗಿ ಜಿಲ್ಲೆಯಿಂದ ಒಬ್ಬ ಶಾಸಕರೂ ಇರಲಿಲ್ಲ. ಈ ಪದ್ಧತಿಯನ್ನು ನಮ್ಮ ವಿಧಾನಸಭೆಯೇ ಬದಲಿಸಬಹುದೇ?
– ಓದುಗರು, ಮದ್ದೂರು

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ಕ್ಷೇತ್ರಕ್ಕೆ ಒಬ್ಬರೇ ಶಾಸಕರು, ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದರೂ ಗೆದ್ದಂತೆ ಎಂಬ ನಿಯಮವಿರುವ ಕಡೆ ಸೋತವರಿಗೆ ಬಿದ್ದ ಮತಗಳಿಗೆ ಸದನದಲ್ಲಿ ಯಾವ ಬೆಲೆಯೂ ಸಿಗುವುದಿಲ್ಲ. ಅದೇ 2018ರಲ್ಲಿ ರಾಜ್ಯದಾದ್ಯಂತ ಸುಮಾರು ಶೇ 38 ಮತ ಪಡೆದ ಕಾಂಗ್ರೆಸ್ಸನ್ನು ಹಿಂದಿಕ್ಕಿ, ಸುಮಾರು ಶೇ 36 ಮತ ಪಡೆದ ಬಿಜೆಪಿ 104 ಸ್ಥಾನ ಗೆದ್ದಿತು. 2013ರಲ್ಲಿ ಕಾಂಗ್ರೆಸ್ ಶೇ 37ಕ್ಕೂ ಕಡಿಮೆ ಮತಗಳಿಂದ 122 ಸ್ಥಾನ ಗಳಿಸಿ ಸ್ವಂತ ಬಹುಮತದ ಸರ್ಕಾರ ರಚಿಸಿತು.

ಬೇರೆ ದಾರಿಯನ್ನು ದೂರದಲ್ಲಿ ಹುಡುಕಬೇಕಿಲ್ಲ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಜಿಲ್ಲೆಗಳು ಸೇರಿದ ದಕ್ಷಿಣ ಪದವೀಧರರ ಹಾಗೂ ದಕ್ಷಿಣ ಶಿಕ್ಷಕರ ಕ್ಷೇತ್ರಗಳಿಂದ ವಿಧಾನ ಪರಿಷತ್ತಿಗೆ ಆಯ್ಕೆ ನಡೆಯುವಾಗ, ಮತದಾರರು ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಯಾರೂ ಕೋಟಾ, ಅಂದರೆ ಗೆಲುವಿಗೆ ಬೇಕಾದಷ್ಟು ಮತ, ಮುಟ್ಟದಿದ್ದರೆ ಅತಿ ಕಡಿಮೆ ಮತ ಪಡೆದವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ಸೇರಿಸಲಾಗುತ್ತದೆ. ಒಂದೇ ಸ್ಥಾನವಿದ್ದರೆ ಕೋಟಾ ಎಂದರೆ ಸಿಂಧು ಮತಗಳ ಅರ್ಧಕ್ಕಿಂತ ಹೆಚ್ಚು. ಎರಡು ಸ್ಥಾನಗಳಿದ್ದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಮೈಸೂರು–ಚಾಮರಾಜನಗರ ಸ್ಥಳೀಯ ಸಂಸ್ಥೆಗಳ ಕ್ಷೇತ್ರ ಇಂಥ ಎರಡು ಸ್ಥಾನಗಳದ್ದು. 2021ರ ಡಿಸೆಂಬರ್‌ನಲ್ಲಿ ಅಲ್ಲಿ ಕಾಂಗ್ರೆಸ್ಸಿಗೊಂದು, ಜೆಡಿಎಸ್‌ಗೊಂದು ಸ್ಥಾನ ದಕ್ಕಿತು.

ಇದನ್ನೇ ಮಂಡ್ಯಕ್ಕೆ ಅನ್ವಯಿಸಿ ನೋಡಿ. ಇಡೀ ಜಿಲ್ಲೆ ಏಳು ಸದಸ್ಯರ ಒಂದೇ ಕ್ಷೇತ್ರವಾದರೆ, ಎಂಟನೇ ಒಂದು ಭಾಗಕ್ಕಿಂತ, ಅಂದರೆ ಶೇ 12.5ಕ್ಕಿಂತ ತುಸು ಹೆಚ್ಚು ಮತ ಪಡೆದವರಿಗೆ ಸ್ಥಾನ ಖಚಿತ. 2023ರಲ್ಲಿ ಮೇಲುಕೋಟೆಯಲ್ಲಿ ರೈತ ಚಳವಳಿಯ ಸರ್ವೋದಯ ಕರ್ನಾಟಕ ಪಕ್ಷ ಗೆದ್ದಾಗ ಕಾಂಗ್ರೆಸ್ ತನ್ನ ಅಭ್ಯರ್ಥಿಯನ್ನು ಹಾಕಿರಲಿಲ್ಲ. ಅಂಥ ಹೊಂದಾಣಿಕೆಯ ಹಂಗಿಲ್ಲದೆ ರೈತ ಚಳವಳಿ ತನ್ನ ಬಲದಷ್ಟು ಪ್ರಾತಿನಿಧ್ಯ ಪಡೆಯಬಹುದು. ಆದರೆ ಮಳವಳ್ಳಿಯ ಪರಿಶಿಷ್ಟ ಜಾತಿ ಮೀಸಲು ಸ್ಥಾನ ಹೊಸ ವ್ಯವಸ್ಥೆಯಲ್ಲೂ ಉಳಿಯಲೇಬೇಕು, ಇದರಲ್ಲಿ ರಾಜಿ ಕೂಡದು. ಕಾನೂನು ಆಯೋಗವು 1999ರ ತನ್ನ 170ನೇ ವರದಿಯಲ್ಲಿ ಲೋಕಸಭೆಗೆ ಶೇ 25ರಷ್ಟು ಹೆಚ್ಚುವರಿ ಸ್ಥಾನಗಳನ್ನು ಪಕ್ಷಗಳ ಪಟ್ಟಿಯಿಂದ ತುಂಬುವ ಸಲಹೆ ನೀಡಿತ್ತು. ಪಟ್ಟಿಯಲ್ಲಿ ಯಾರ ಹೆಸರು ಮೇಲಿರಬೇಕೆಂಬುದು ಪಕ್ಷದ ವರಿಷ್ಠರ ಕೈಗೆ ಹೋಗುವುದರಿಂದ, ವ್ಯಕ್ತಿಯನ್ನು ಮತದಾರರೇ ಆರಿಸುವ ಪ್ರಾಶಸ್ತ್ಯ ಪದ್ಧತಿಯೇ ನಮಗೆ ಹೆಚ್ಚು ಹೊಂದುತ್ತದೆಂದು ನಾನು ನಂಬುತ್ತೇನೆ.

ವಿಧಾನಸಭೆಯೊಂದರಿಂದಲೇ ಇದು ಆಗದು. ರಾಜ್ಯದ ಚುನಾವಣೆಗಳ ಕುರಿತ ಅದರ ಅಧಿಕಾರ ಸಂಸತ್ತಿನ ಕಾನೂನಿಗೆ ಒಳಪಟ್ಟದ್ದು. ಪ್ರಜಾಪ್ರಾತಿನಿಧ್ಯ ಕಾಯ್ದೆಗಳನ್ನು ಸಂಸತ್ತೇ ತಿದ್ದಬೇಕು. ಆದರೆ ಸಂವಿಧಾನದ 170ನೇ ವಿಧಿ ನೇರ ಚುನಾವಣೆಯನ್ನು ಹೇಳುತ್ತದೆಯೇ ಹೊರತು ಕ್ಷೇತ್ರಕ್ಕೆ ಒಬ್ಬರೇ ಎಂದು ಹೇಳುವುದಿಲ್ಲ. 1952 ಮತ್ತು 1957ರ ಚುನಾವಣೆಗಳಲ್ಲಿ ದ್ವಿಸದಸ್ಯ ಕ್ಷೇತ್ರಗಳಿದ್ದವು; ಅವುಗಳನ್ನು ಕೊನೆಗೊಳಿಸಿದ್ದು 1961ರ ಕಾನೂನು. ಮುಂದಿನ ಕ್ಷೇತ್ರ ಮರುವಿಂಗಡಣೆಯ ಹೊತ್ತಿಗೆ ನಿಮ್ಮ ಶಾಸಕರ ಮುಂದೆಯೂ ಸಂಸದರ ಮುಂದೆಯೂ ಈ ಬೇಡಿಕೆ ಇಡಿ.

ಪ್ರಶ್ನೆ: ಹಾಗಾದರೆ ಮೇಲ್ಮನೆ ಬೇಕೇ? ರದ್ದು ಮಾಡಬಾರದೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: 169ನೇ ವಿಧಿಯಂತೆ ವಿಧಾನಸಭೆ ವಿಶೇಷ ಬಹುಮತದಿಂದ ನಿರ್ಣಯ ಮಾಡಿದರೆ ಸಂಸತ್ತು ರದ್ದುಪಡಿಸಬಹುದು, ತಮಿಳುನಾಡಿನಲ್ಲಿ 1986ರಲ್ಲಿ ಹಾಗೆಯೇ ಆಯಿತು. ಮಸೂದೆಗಳನ್ನು ಎರಡನೆಯ ಬಾರಿ ಓದುವ ಸದನ ಉಳಿಯಲಿ ಎಂಬುದು ನನ್ನ ಅಭಿಪ್ರಾಯ. ಆದರೆ 75 ಸ್ಥಾನಗಳಲ್ಲಿ ಏಳನ್ನು ಪದವೀಧರರಿಗಷ್ಟೇ ಮೀಸಲಿಟ್ಟು, ಪದವಿಯಿಲ್ಲದ ರೈತರು, ಕಾರ್ಮಿಕರನ್ನು ಹೊರಗಿಡುವುದನ್ನು ಸಮರ್ಥಿಸಲು ನನ್ನಿಂದಾಗದು. ಆ ಸ್ಥಾನಗಳು ಇರುವವರೆಗೆ, ಪದವಿ ಪಡೆದು ಮೂರು ವರ್ಷ ಕಳೆದವರು ಪದವೀಧರರ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 18ನ್ನು ಸಲ್ಲಿಸಿ. ಈ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧಪಡಿಸುವುದರಿಂದ, ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು.