ಶುಲ್ಕವಿಲ್ಲದೆ ಕಾಡಿನಲ್ಲಿ ಡೇರೆ ಹಾಕಬಹುದೇ?

ಪ್ರಶ್ನೆ: ನಮ್ಮ ಮಗ ಅಮೆರಿಕದ ಡೆನ್ವರ್‌ನಲ್ಲಿದ್ದಾನೆ. ಜುಲೈನಲ್ಲಿ ನಾವು ಗಂಡ ಹೆಂಡತಿ ಅಲ್ಲಿಗೆ ಹೋಗುವವರಿದ್ದೇವೆ. ಬೆಟ್ಟದ ಕಾಡಿನಲ್ಲಿ ಎರಡು ರಾತ್ರಿ ಡೇರೆ ಹಾಕಿಕೊಂಡು ಇರೋಣ, ಅದಕ್ಕೆ ಬುಕಿಂಗೂ ಬೇಡ, ಶುಲ್ಕವೂ ಇಲ್ಲ ಎನ್ನುತ್ತಾನೆ. ನಮ್ಮಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೀಗೆ ಮಾಡಿದರೆ ಮೊಕದ್ದಮೆ ಬೀಳುತ್ತದೆ. ಅಲ್ಲಿ ಇದು ಸಾಧ್ಯವೇ? ಅರವತ್ತು ದಾಟಿದ ನಮಗೆ ಆಗಿಬರುತ್ತದೆಯೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ಸಾಧ್ಯ, ಆದರೆ ಎಲ್ಲ ಕಾಡಿನಲ್ಲಿ ಅಲ್ಲ. ಅಮೆರಿಕದಲ್ಲಿ ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಡೆನ್ವರ್‌ಗೆ ಹತ್ತಿರದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನಲ್ಲಿ ಅನುಮತಿಯಿಲ್ಲದೆ ಒಂದು ರಾತ್ರಿಯೂ ಡೇರೆ ಹಾಕುವಂತಿಲ್ಲ. ಅದಕ್ಕೆ ಹೊಂದಿಕೊಂಡಿರುವ ಅರಪಾಹೊ ಮತ್ತು ರೂಸ್‌ವೆಲ್ಟ್ ಅರಣ್ಯಗಳಾದರೋ 1905ರಲ್ಲಿ ಸ್ಥಾಪನೆಯಾಗಿ ಇಂದಿಗೂ ಕೃಷಿ ಇಲಾಖೆಯ ಅಧೀನದಲ್ಲಿರುವ ಫಾರೆಸ್ಟ್ ಸರ್ವೀಸ್‌ನ ಆಡಳಿತಕ್ಕೆ ಸೇರಿದವು. ಮರ, ಮೇವು, ನೀರು, ವಿಹಾರ ಎಲ್ಲಕ್ಕೂ ಆ ಕಾಡುಗಳನ್ನು ಬಿಟ್ಟಿರುವುದರಿಂದ, ನಿಷೇಧದ ಫಲಕವಿಲ್ಲದ ಕಡೆ ಜನರು ಡೇರೆ ಹಾಕಿಕೊಂಡು ಉಳಿಯಬಹುದು; ಬಹುತೇಕ ಅರಣ್ಯಗಳಲ್ಲಿ ಇದರ ಮಿತಿ 14 ದಿನ. ಬೆಳಗ್ಗೆ ಡೇರೆಯ ಬಳಿ ದನಗಳು ಮೇಯುತ್ತಿದ್ದರೆ ತೀರ್ಥಹಳ್ಳಿಯವರಾದ ತಾವು ಬೆದರಬೇಕಾಗಿಲ್ಲ!

ಶುಲ್ಕವಿಲ್ಲ ಎಂಬುದಕ್ಕಿಂತ ಅಲ್ಲಿ ಏನೇನಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಕುಡಿಯುವ ನೀರು, ಶೌಚಾಲಯ, ಕಸದ ತೊಟ್ಟಿ, ಕಾವಲುಗಾರ, ಇವು ಯಾವುವೂ ಇರುವುದಿಲ್ಲ. ಹೆಚ್ಚಿನ ಕಡೆ ಮೊಬೈಲ್ ಸಂಪರ್ಕವೂ ಸಿಗದು. ನೀರಿನಿಂದ ಸುಮಾರು 200 ಅಡಿ, ಎಂದರೆ 70 ಹೆಜ್ಜೆ ದೂರದಲ್ಲಿ ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಿ ಶೌಚ ಮುಗಿಸಿ ಮುಚ್ಚಬೇಕು. ಮೊಣಕಾಲು ನೋವಿರುವವರಿಗೆ ಇದೊಂದೇ ಕಾರಣ ಸಾಕು, ಶುಲ್ಕ ಕೊಟ್ಟು ಉಳಿಯುವ ಕ್ಯಾಂಪ್‌ಗ್ರೌಂಡ್ ಆರಿಸಿಕೊಳ್ಳುವುದಕ್ಕೆ. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೆಯೇ ಕುಡಿಯಬಾರದು. 6,500 ಅಡಿಗಿಂತ ಮೇಲೆ ಅದನ್ನು ಕನಿಷ್ಠ ಮೂರು ನಿಮಿಷ ಕುದಿಸಬೇಕು.

ಎತ್ತರದ ಮಾತು ಬಂದದ್ದರಿಂದ ಹೇಳುತ್ತೇನೆ: ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,330 ಅಡಿ, ಅಲ್ಲಿ ಜನರು ಡೇರೆ ಹಾಕುವ ಎಷ್ಟೋ ತಾಣಗಳು 9,000 ಅಡಿಯ ಮೇಲಿವೆ. ಆದ್ದರಿಂದ ವಿಮಾನದಿಂದಿಳಿದ ಮರುದಿನವೇ ಬೆಟ್ಟ ಹತ್ತದೆ ಕೆಲವು ದಿನ ಡೆನ್ವರ್‌ನಲ್ಲಿದ್ದು ಹೋಗುವುದು ಒಳ್ಳೆಯದು. ಹೃದಯದ ಅಥವಾ ಶ್ವಾಸಕೋಶದ ತೊಂದರೆಯಿದ್ದರೆ ವೈದ್ಯರನ್ನು ಕೇಳದೆ ಹೊರಡಬೇಡಿ. ಜುಲೈನಲ್ಲಿ ಮಧ್ಯಾಹ್ನದ ಹೊತ್ತಿಗೆ ಗುಡುಗು ಸಿಡಿಲು ಸಾಮಾನ್ಯ, ರಾತ್ರಿಯಲ್ಲಿ ಸ್ವೆಟರ್ ಸಾಲದಷ್ಟು ಚಳಿ. ತೊಗಟೆ ಕೊರೆಯುವ ಜೀರುಂಡೆಯ ಹಾವಳಿಯಿಂದ ಕೊಲರಾಡೊದಲ್ಲಿ ಲೆಕ್ಕವಿಲ್ಲದಷ್ಟು ಪೈನ್ ಮರಗಳು ನಿಂತಲ್ಲೇ ಸತ್ತಿವೆ. ಗಾಳಿಗೆ ಉರುಳುವ ಅಂತಹ ಮರಗಳ ಕೆಳಗೆ ಡೇರೆ ಹಾಕಬಾರದು.

ಎಲ್ಲಕ್ಕಿಂತ ಕಟ್ಟುನಿಟ್ಟಾದ ವಿಷಯ ಬೆಂಕಿ. ಕಾಡು ಒಣಗಿದಾಗ ಹಂತಹಂತವಾಗಿ ನಿರ್ಬಂಧ ಹೇರುತ್ತಾರೆ. ಮೊದಲ ಹಂತ ಜಾರಿಯಾಯಿತೆಂದರೆ ಸೌದೆಯ ಬೆಂಕಿಗೆ ಅವಕಾಶವಿರುವುದು ವ್ಯವಸ್ಥಿತ ಕ್ಯಾಂಪ್‌ಗ್ರೌಂಡ್‌ಗಳ ಒಲೆಗಳಲ್ಲಿ ಮಾತ್ರ. ಹೀಗಾಗಿ, ಇಂತಹ ಬಿಡಿ ತಾಣದಲ್ಲಿ ಹಿಂದಿನವರು ಕಲ್ಲು ಜೋಡಿಸಿ ಮಾಡಿದ ಒಲೆ ಕಣ್ಣೆದುರಿಗಿದ್ದರೂ ಅದನ್ನು ಹೊತ್ತಿಸುವುದು ಅಪರಾಧ. ತಿರುಗಿಸಿ ಆರಿಸಬಹುದಾದ ಗ್ಯಾಸ್ ಸ್ಟೌವ್‌ಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದೇಶಗಳು ವಾರದಿಂದ ವಾರಕ್ಕೆ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಆಯಾ ರೇಂಜರ್ ಕಚೇರಿಗೆ ಫೋನ್ ಮಾಡಿ ಕೇಳುವಂತೆ ಮಗನಿಗೆ ಹೇಳಿ. ನಿರ್ಬಂಧವಿಲ್ಲದ ದಿನವೂ ನೀರು ಸುರಿದು, ಕೆದಕಿ, ಬೂದಿಯನ್ನು ಕೈಯಿಂದ ಮುಟ್ಟಿ ತಣ್ಣಗಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಜಾಗ ಬಿಡಬೇಕು.

ಅಲ್ಲಿರುವುದು ಕಪ್ಪು ಕರಡಿ. ಅದಕ್ಕೆ ಬೇಕಾದದ್ದು ನೀವಲ್ಲ, ನಿಮ್ಮ ಬುತ್ತಿ. ತಿಂಡಿ, ಎಂಜಲು ಪಾತ್ರೆ, ಟೂತ್‌ಪೇಸ್ಟ್ ಕೂಡ ಡೇರೆಯೊಳಗೆ ಇರಬಾರದು, ಬೀಗ ಹಾಕಿದ ಕಾರಿನಲ್ಲೋ ಕರಡಿಗೆ ತೆರೆಯಲಾಗದ ಡಬ್ಬಿಯಲ್ಲೋ ಇರಬೇಕು. ಇಂಗಿನ ಒಗ್ಗರಣೆಯನ್ನು ಎರಡು ರಾತ್ರಿಯ ಮಟ್ಟಿಗೆ ಕೈಬಿಟ್ಟರೆ ನಷ್ಟವೇನಿಲ್ಲ.

ಜಾಗ ಹುಡುಕಲು ಫಾರೆಸ್ಟ್ ಸರ್ವೀಸ್ ಉಚಿತವಾಗಿ ಕೊಡುವ ಮೋಟಾರು ವಾಹನ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಯಾವ ಮಣ್ಣಿನ ರಸ್ತೆ ಯಾವ ತಿಂಗಳು ತೆರೆದಿರುತ್ತದೆ ಎಂಬುದು ಅದರಲ್ಲಿರುತ್ತದೆ. ಜನದಟ್ಟಣೆಯ ಕೆಲವು ಕಣಿವೆಗಳಲ್ಲಿ ಗುರುತು ಮಾಡಿದ ತಾಣಗಳಲ್ಲಿ ಮಾತ್ರ ಉಳಿಯಬೇಕು. ಶುಕ್ರವಾರ ಸಂಜೆಗೇ ಅವು ತುಂಬಿಹೋಗುವುದರಿಂದ ವಾರದ ನಡುವೆ ಹೋಗುವುದು ವಾಸಿ. ಬಾಡಿಗೆ ಕಾರಾದರೆ, ಮಣ್ಣಿನ ರಸ್ತೆಗೆ ಒಯ್ಯಲು ಒಪ್ಪಂದದಲ್ಲಿ ಅವಕಾಶವಿದೆಯೇ ಎಂದು ಮೊದಲೇ ಓದಿಕೊಳ್ಳಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ನ್ಯಾಷನಲ್ ಫಾರೆಸ್ಟ್ ಒಂದರಲ್ಲಿ ನಮ್ಮ ಕನ್ನಡಿಗರ ಬಳಗದ ಎಂಬತ್ತು ಜನ ಹೀಗೆಯೇ ಡೇರೆ ಹಾಕಬಹುದೇ?
— ಸ್ಯಾನ್ ಹೊಸೆಯ ಓದುಗರು

ಉತ್ತರ: ಅನುಮತಿಯಿಲ್ಲದೆ ಆಗದು. 75 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವುದಾದರೆ, ಶುಲ್ಕವಿಲ್ಲದಿದ್ದರೂ, ಫಾರೆಸ್ಟ್ ಸರ್ವೀಸ್‌ಗೆ ಮುಂಚಿತವಾಗಿ ಅರ್ಜಿ ಹಾಕಬೇಕು. ಎಂಬತ್ತು ಜನರಿಗೆ ಶೌಚಾಲಯವಿಲ್ಲದ ಜಾಗ ಯೋಗ್ಯವಲ್ಲವೆಂದು ನನ್ನ ಅಭಿಪ್ರಾಯ. ಗುಂಪುಗಳಿಗಾಗಿಯೇ ಇರುವ ಕ್ಯಾಂಪ್‌ಗ್ರೌಂಡ್ ಕಾದಿರಿಸಿ. ಚಿಕ್ಕ ಗುಂಪಾಗಿ ಬಿಡಿ ತಾಣಕ್ಕೆ ಹೋದರೂ, ಗ್ಯಾಸ್ ಸ್ಟೌವ್ ಹಚ್ಚುವುದಕ್ಕೂ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್‌ಫೈರ್ ಪರವಾನಗಿ ಬೇಕು. ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆ ಕ್ಯಾಲೆಂಡರ್ ವರ್ಷದ ಕೊನೆಯವರೆಗೆ ನಡೆಯುತ್ತದೆ.