ಗಾಂಜಾ ಎಣ್ಣೆಯಿಂದ ಮಗುವಿನ ಫಿಟ್ಸ್ ನಿಲ್ಲುತ್ತದೆಯೇ?

ಪ್ರಶ್ನೆ: ಆರು ವರ್ಷದ ಮಗಳಿಗೆ ಡ್ರಾವೆ ಸಿಂಡ್ರೋಮ್ (ಶೈಶವದಲ್ಲೇ ಶುರುವಾಗುವ, ಔಷಧಿಗೆ ಸುಲಭವಾಗಿ ಬಗ್ಗದ ಫಿಟ್ಸ್ ಕಾಯಿಲೆ). ವ್ಯಾಲ್‌ಪ್ರೊಯೇಟ್, ಕ್ಲೋಬಜಾಮ್ ಎರಡೂ ಕೊಡುತ್ತಿದ್ದರೂ ಫಿಟ್ಸ್ ನಿಂತಿಲ್ಲ. ಗಾಂಜಾ ಎಣ್ಣೆ ತರಿಸಿ ಕೊಡಬಹುದೇ?

ಉತ್ತರ: ದಯವಿಟ್ಟು ನೀವಾಗಿ ತರಿಸಿ ಕೊಡಬೇಡಿ. ಪರೀಕ್ಷೆಗೆ ಒಳಪಟ್ಟಿದ್ದು ಗಾಂಜಾ ಗಿಡದಿಂದ ಬೇರ್ಪಡಿಸಿ ಶುದ್ಧಗೊಳಿಸಿದ ಕ್ಯಾನಬಿಡಿಯಾಲ್, ಅದು ಮತ್ತೇರಿಸುವುದಿಲ್ಲ. ಅಂಗಡಿ ಎಣ್ಣೆಯಲ್ಲಿ ಅದೆಷ್ಟಿದೆ, ಮತ್ತೇರಿಸುವ ಅಂಶ ಎಷ್ಟಿದೆ ಎಂಬ ಖಾತ್ರಿಯಿಲ್ಲ.

2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡ್ರಾವೆ ಇದ್ದ 120 ಮಕ್ಕಳು, ಹರೆಯದವರು 14 ವಾರ ಪಾಲ್ಗೊಂಡರು. ದಿನಕ್ಕೆ ಕಿಲೋ ತೂಕಕ್ಕೆ 20 ಮಿ.ಗ್ರಾಂ. ಪಡೆದವರಲ್ಲಿ ತಿಂಗಳಿಗೆ ಬರುವ ಸೆಳವಿನ ಫಿಟ್ಸ್ (ಮಧ್ಯಾಂಕ, ಅಂದರೆ ಸಾಲಿನ ನಡುವಿನ ಸಂಖ್ಯೆ) 12.4ರಿಂದ 5.9ಕ್ಕೆ ಇಳಿಯಿತು; ಹುಸಿ ಔಷಧ ಪಡೆದವರಲ್ಲಿ 14.9ರಿಂದ 14.1ಕ್ಕಷ್ಟೇ. ಕ್ಯಾನಬಿಡಿಯಾಲ್ ಪಡೆದವರಲ್ಲೂ ಫಿಟ್ಸ್ ಪೂರ್ತಿ ನಿಂತದ್ದು ಶೇ. 5 ಜನರಿಗೆ ಮಾತ್ರ. 2018ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಅಲ್ಲಿನ ಕ್ರಮದಂತೆ ಕಿಲೋಗೆ 2.5 ಮಿ.ಗ್ರಾಂ., ದಿನಕ್ಕೆರಡು ಸಲ ಆರಂಭ. 20 ಕಿಲೋ ಮಗುವಿಗೆ ಒಂದು ಸಲಕ್ಕೆ 50 ಮಿ.ಗ್ರಾಂ., ಅಂದರೆ ಮಿ.ಲೀ.ಗೆ 100 ಮಿ.ಗ್ರಾಂ. ಇರುವ ದ್ರವದಲ್ಲಿ ಅರ್ಧ ಮಿ.ಲೀ. ವಾರದ ನಂತರ ದುಪ್ಪಟ್ಟು. ಜಿಡ್ಡಿನ ಊಟದ ಜೊತೆ ಹಲವು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ; ಒಂದು ದಿನ ಖಾಲಿ ಹೊಟ್ಟೆ, ಇನ್ನೊಂದು ದಿನ ತುಪ್ಪದನ್ನ ಎಂದಾಗಬಾರದು.

ನಿಮ್ಮ ಮಗಳ ಮಟ್ಟಿಗೆ ನಿಜವಾದ ಆತಂಕ ಈಗಿರುವ ಔಷಧಿಗಳದ್ದು. ವ್ಯಾಲ್‌ಪ್ರೊಯೇಟ್ ಜೊತೆ ಸೇರಿದರೆ ಯಕೃತ್ತಿನ ಕಿಣ್ವಗಳು ಏರಬಹುದು: ಆರಂಭಕ್ಕೆ ಮುನ್ನ, ಒಂದನೇ ತಿಂಗಳಲ್ಲಿ, ಆಮೇಲೂ ರಕ್ತಪರೀಕ್ಷೆ ಬೇಕು. ಕ್ಲೋಬಜಾಮ್‌ನಿಂದ ಉಂಟಾಗುವ ಸಕ್ರಿಯ ವಸ್ತು ರಕ್ತದಲ್ಲಿ ಹೆಚ್ಚಿ ಮಗು ತೂಕಡಿಸುತ್ತದೆ. ಆಗ ಅದರ ಡೋಸ್ ಇಳಿಸುವುದನ್ನು ನರರೋಗ ತಜ್ಞರೇ ನಿರ್ಧರಿಸಬೇಕು. ಯಾವ ಔಷಧಿಯನ್ನೂ ಥಟ್ಟನೆ ನಿಲ್ಲಿಸಬೇಡಿ.