ಪೇಸ್‌ಮೇಕರ್ ಹಾಕಿಸಿಕೊಂಡವರು ಬೋಟ್ ರಿಪೇರಿ ಕೆಲಸ ಮಾಡಬಹುದೇ?

ಪ್ರಶ್ನೆ: ಮಲ್ಪೆಯಲ್ಲಿ ಬೋಟ್ ಎಂಜಿನ್ ರಿಪೇರಿ ಮತ್ತು ವೆಲ್ಡಿಂಗ್ ಮಾಡುತ್ತೇನೆ. ವಯಸ್ಸು 52. ಫೆಬ್ರವರಿಯಲ್ಲಿ ಎದೆಯ ಎಡಭಾಗದಲ್ಲಿ ಪೇಸ್‌ಮೇಕರ್ ಅಳವಡಿಸಿದ್ದಾರೆ. ಜೂನ್ 1ರಿಂದ ಮೀನುಗಾರಿಕೆ ನಿಷೇಧ ಶುರುವಾದರೆ ನಮಗೆ ಕೈತುಂಬ ಕೆಲಸ. ಆಯಸ್ಕಾಂತದ ಹತ್ತಿರ ಹೋಗಲೇಬಾರದೆಂದು ಮನೆಯವರು ಹೆದರಿಸುತ್ತಿದ್ದಾರೆ. ಕೆಲಸ ಬಿಡಬೇಕೇ?

ಉತ್ತರ: ಹಾಗೆಂದು ಈಗಲೇ ತೀರ್ಮಾನಿಸಬೇಡಿ. ಆದರೆ ಎಂಜಿನ್ ಕೆಲಸ ಮತ್ತು ವೆಲ್ಡಿಂಗ್ ಎರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಆಯಸ್ಕಾಂತವನ್ನು ಗುರುತಿಸುವ ಪುಟ್ಟ ಸಂವೇದಕವೊಂದನ್ನು ತಯಾರಕರೇ ಪೇಸ್‌ಮೇಕರ್‌ನಲ್ಲಿ ಇಟ್ಟಿರುತ್ತಾರೆ. ಸುಮಾರು 10 ಗಾಸ್‌ಗಿಂತ (ಗಾಸ್ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಪ್ರಬಲವಾದ ಕಾಂತಕ್ಷೇತ್ರ ತಾಗಿದರೆ ಸಾಮಾನ್ಯವಾಗಿ ಪೇಸ್‌ಮೇಕರ್ ಹೃದಯದ ಸ್ವಂತ ಬಡಿತವನ್ನು ಗಮನಿಸುವುದನ್ನು ಬಿಟ್ಟು ನಿಗದಿತ ವೇಗದಲ್ಲಿ ಮಿಡಿತ ಕೊಡತೊಡಗುತ್ತದೆ. ಆಯಸ್ಕಾಂತ ದೂರವಾದೊಡನೆ ಮೊದಲಿನಂತಾಗುತ್ತದೆ. (ನಿಮ್ಮದು ಐಸಿಡಿ, ಅಂದರೆ ಅಪಾಯಕಾರಿ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ ಸಾಧನ, ಆಗಿದ್ದರೆ ವಿಷಯ ಗಂಭೀರ, ಏಕೆಂದರೆ ಆಯಸ್ಕಾಂತ ಹತ್ತಿರವಿರುವಷ್ಟು ಹೊತ್ತೂ ಅದು ಅಪಾಯಕಾರಿ ಬಡಿತಕ್ಕೆ ಶಾಕ್ ಕೊಡದೆ ಸುಮ್ಮನಿರಬಹುದು.) ಸಣ್ಣ ಆಯಸ್ಕಾಂತದ ಪ್ರಭಾವವು ದೂರ ಇಮ್ಮಡಿಯಾದಾಗ ಸರಿಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಆಚೆ ನಿಂತಿರುವ ದೊಡ್ಡ ಮೋಟಾರಿಗಿಂತ, ಬಿದ್ದ ನಟ್ಟು ಎತ್ತಲು ಬಳಸಿ ಅಂಗಿಯ ಎಡಜೇಬಿಗೆ ಸಿಕ್ಕಿಸಿಕೊಳ್ಳುವ ಪೆನ್ನಿನಂಥ ಮ್ಯಾಗ್ನೆಟ್ ಬಗ್ಗೆ ನನಗೆ ಹೆಚ್ಚು ಚಿಂತೆ. ಅದು ಟೂಲ್‌ಬಾಕ್ಸ್‌ನಲ್ಲಿರಲಿ, ಮೊಬೈಲ್ ಕೂಡ ಎದೆಯಿಂದ 15 ಸೆಂ.ಮೀ. ದೂರವಿರಲಿ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಇದೆ. ಚಾಲೂ ಇದ್ದಾಗ ಅದರಿಂದ ಎದೆಯನ್ನು 30 ಸೆಂ.ಮೀ. ದೂರವಿಡಿ. ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ನಿನ ಫ್ಲೈವೀಲ್‌ನಲ್ಲಿ ಕಾಯಂ ಆಯಸ್ಕಾಂತಗಳಿರುವುದರಿಂದ, ಎಂಜಿನ್ ಆಫ್ ಆಗಿದ್ದರೂ ಮುಚ್ಚಳ ತೆಗೆದು ಅದರ ಮೇಲೆ ಎದೆಯೊರಗಿಸಿ ಬಾಗಬಾರದು.

ವೆಲ್ಡಿಂಗ್‌ನಲ್ಲಿ ತೊಂದರೆ ಬೇರೆ. ಆರ್ಕ್‌ನಿಂದ, ಅಂದರೆ ಬೆಸುಗೆಯ ವಿದ್ಯುತ್ ಕಿಡಿಯಿಂದ, ಹುಟ್ಟುವ ವಿದ್ಯುತ್ ಗದ್ದಲವನ್ನು ಹೃದಯದ ಬಡಿತವೆಂದೇ ತಿಳಿದು ಪೇಸ್‌ಮೇಕರ್ ಮಿಡಿತವನ್ನು ತಡೆಹಿಡಿದರೆ, ಪೂರ್ತಿಯಾಗಿ ಅದನ್ನೇ ಅವಲಂಬಿಸಿದ ಹೃದಯವುಳ್ಳವರಿಗೆ ಕಣ್ಣು ಕತ್ತಲಿಡಬಹುದು. ನೀವು ಆ ಗುಂಪಿಗೆ ಸೇರುತ್ತೀರೋ ಇಲ್ಲವೋ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಅಲ್ಲಿಯವರೆಗೆ ವೆಲ್ಡಿಂಗ್ ಹೋಲ್ಡರ್ ಮುಟ್ಟಬೇಡಿ. ಅನುಮತಿ ಸಿಕ್ಕರೂ ಕರೆಂಟು 130 ಆಂಪಿಯರ್ ಮೀರದಿರಲಿ, ಆರ್ಕ್ ಎದೆಯಿಂದ ಕನಿಷ್ಠ 60 ಸೆಂ.ಮೀ., ಮೆಷಿನ್ ಒಂದೂವರೆ ಮೀಟರ್ ಆಚೆಗಿರಲಿ. ಕೇಬಲ್‌ಗಳೆರಡನ್ನೂ ಹೆಣೆದು ನೆಲದ ಮೇಲೆ ಬಿಡಿ, ಹೆಗಲಿಗೆ ಹಾಕಿಕೊಳ್ಳಬೇಡಿ. ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ. ಆರ್ಕ್ ಹಿಡಿಯದಿದ್ದರೆ ಪಟಪಟನೆ ತಾಗಿಸುತ್ತ ಹೋಗದೆ ಕೆಲವು ಸೆಕೆಂಡು ಬಿಟ್ಟು ಪ್ರಯತ್ನಿಸಿ. ಮಳೆಗಾಲದ ಒದ್ದೆ ಗ್ಲೌಸ್ ಬೇಡವೇ ಬೇಡ. ಬೋಟಿನ ಒಡಲೊಳಗೆ ಮುದುಡಿ ಕುಳಿತು ಮಾಡುವ ಬೆಸುಗೆಯನ್ನಂತೂ ಬೇರೆಯವರಿಗೆ ಬಿಡುವುದೇ ಸರಿ, ಏಕೆಂದರೆ ಅಲ್ಲಿ 60 ಸೆಂ.ಮೀ. ಅಂತರ ಸಿಗುವುದಿಲ್ಲ. ತಲೆ ತಿರುಗಿದಂತಾದರೆ ಕೂಡಲೇ ಹೋಲ್ಡರ್ ಕೆಳಗಿಟ್ಟು ದೂರ ಸರಿಯಿರಿ; ಒಬ್ಬರೇ ಇದ್ದಾಗ ವೆಲ್ಡಿಂಗ್ ಮಾಡಬೇಡಿ.

ಮುಂದಿನ ತಪಾಸಣೆಗೆ ಹೋಗುವಾಗ ಪೇಸ್‌ಮೇಕರ್ ಕಾರ್ಡ್ ಜೊತೆಗೆ ವೆಲ್ಡಿಂಗ್ ಮೆಷಿನ್‌ನ ಮೇಲಿರುವ ಆಂಪಿಯರ್ ಪಟ್ಟಿಯ ಫೋಟೋವನ್ನೂ ಒಯ್ಯಿರಿ.